ಏಳನೇ ನಂಬರಿನ ಕೋಲು

ಅವತ್ತು ಬೆಳಗ್ಗೆ ಸೋಮನಹಳ್ಳಿಯ ಮೇಲೆ ಮಂಜು ಇಳಿದಿತ್ತು, ಕಬ್ಬಿನ ಗರಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ನನಗೆ ಗಾಲ್ಫ್ ಕಲಿಯುವ ಆಸೆ ಹುಟ್ಟಿತ್ತು. ನಂಬರು ಹಾಕಿದ ಕೋಲುಗಳ ಹೊಸ ಸೆಟ್ಟಿನ ಬೆಲೆ ಕೇಳಿ ಸುಮ್ಮನಾಗಿದ್ದೆ. ಮದ್ದೂರಿನಲ್ಲಿ ಹಳೇ ಸಾಮಾನು ಮಾರುವ ರಹೀಂ, "ಕಲಿಯೋಕೆ ಒಂದೇ ಕೋಲು ಸಾಕು ಸಾರ್, ಈ ಏಳನೇ ನಂಬರು ತಗೊಳ್ಳಿ. ಆಡ್ತಿದ್ದೋರು ತೀರ್ಕೊಂಡ್ರು," ಎಂದು ಜೊತೆಗೊಂದು ಚೆಂಡನ್ನೂ ಕೊಟ್ಟಿದ್ದ.

ಮನೆಗೆ ಬಂದ ಆಯುಧಕ್ಕೆ ವಿಭೂತಿ ಹಚ್ಚುವುದು ನಮ್ಮ ಪದ್ಧತಿ. ಕೋಲಿಗೆ ಹಚ್ಚಿ, "ಯಾರು ಆಡಿದ್ರೋ, ನನಗೂ ಕಲಿಸಿ ಸ್ವಾಮಿ," ಎಂದು ಕೈಮುಗಿದು ಕೊಯ್ದ ಗದ್ದೆಗೆ ಹೋದೆ.

ಆ ಚಳಿಯಲ್ಲೂ ಕೋಲಿನ ಹಿಡಿ ಬೆಚ್ಚಗಿತ್ತು, ಈಗಷ್ಟೇ ಯಾರೋ ಕೈಬಿಟ್ಟ ಹಾಗೆ. ಬೆನ್ನ ಹಿಂದೆ ನಶ್ಯದ ವಾಸನೆ. ಯಾಕೋ ಹೆದರಿಕೆಯಾಗಲಿಲ್ಲ. ಬೀಸಿದೆ. ಇದ್ದೊಂದು ಚೆಂಡು ಪಕ್ಕದ ಕಬ್ಬಿನೊಳಗೆ ಮಾಯವಾಯಿತು. ನನ್ನ ಆಟ ಅಲ್ಲಿಗೇ ಮುಗಿಯಿತು ಅಂದುಕೊಂಡೆ.

ದನಗಳಿಗೆ ಕಬ್ಬಿನ ಸೋಗೆ ತರಿಯುತ್ತಿದ್ದ ನಮ್ಮೂರ ಬೆಟ್ಟಮ್ಮ ಕಬ್ಬಿನಿಂದ ಈಚೆ ಬಂದಳು.

"ಒಡಿಯೋವಾಗ ತಲೆ ಎತ್ಬ್ಯಾಡಿ ಅಂತ ನಿಮ್ಗೆ ಏಳು ಅಂದ್ರು, ಮೇಷ್ಟ್ರೇ."

"ಯಾರಮ್ಮ?"

"ನಿಮ್ಮಿಂದ್ಗಡೆ ನಿಂತು ಕೈ ಇಡ್ಕೊಂಡಿದ್ರಲ್ಲ, ಆ ಅಯ್ನೋರು. ಚೆಂಡೂ ಅವರೇ ಎತ್ಕೊಟ್ರು."

ಕಣ್ಣಿಗೆ ಕಾಣುವಷ್ಟು ದೂರ ನಾವಿಬ್ಬರೇ ಇದ್ದೆವು. ಅವಳು ಚೆಂಡನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟಳು. ಅದೂ ಬೆಚ್ಚಗಿತ್ತು.