ಹೇಸಿಗೆ ಇಲ್ಲದ ವಾರ್ಡು

ಮೌಲಾಸಾಬನ ಎಡಗೆನ್ನೆಯ ತೂತಿನಿಂದ ನರ್ಸ್ ಎಸ್ತೇರಮ್ಮ ಹುಳುಗಳನ್ನು ಚಿಮಟದಲ್ಲಿ ಒಂದೊಂದಾಗಿ ಹಿಡಿದು ಬೇಸಿನ್ನಿಗೆ ಹಾಕುತ್ತಿದ್ದಳು. ಕೊಳೆತ ಮಾಂಸದ ನಾತ ಮೂಗಿಗೆ ಬಡಿಯುತ್ತಿತ್ತು. ಆದರೆ ಸೀಮೆಸುಣ್ಣದ ವಾಸನೆಯಂತೆ ಬಂದು ಹೋಗುತ್ತಿತ್ತು. ನಡುವೆ ಬುತ್ತಿಯಲ್ಲಿದ್ದ ಎಣ್ಣೆಗಾಯಿ ನೆನಪಾಗಿ ಅವಳ ಬಾಯಲ್ಲಿ ನೀರೂರಿತು.

ಅದೆಲ್ಲ ಅವಳ ಹಣೆಗೆ ಸುತ್ತಿದ್ದ ಬೆರಳಗಲದ ಪಟ್ಟಿಯ ಕೆಲಸ. ಮಿದುಳಿನಲ್ಲಿ ಹೇಸಿಗೆ ಹುಟ್ಟುವ ಮಡಿಕೆಯೊಂದಿದೆ. ಪಟ್ಟಿ ಚರ್ಮದ ಮೇಲಿಂದಲೇ ಸಣ್ಣ ಕಂಪನ ಕಳಿಸಿ ಅದನ್ನು ಮಲಗಿಸುತ್ತಿತ್ತು. ಕಣ್ಣು ಕಾಣುತ್ತದೆ, ಮೂಗು ಮೂಸುತ್ತದೆ, ಓಕರಿಕೆ ಮಾತ್ರ ಬರದು. ಡಾ. ನಿರಂಜನ ಹಾವನೂರ ಇದನ್ನು ಕಂಡುಹಿಡಿದು 'ಸಮಚಿತ್ತ' ಎಂದು ಹೆಸರಿಟ್ಟು, 2061ರ ಯುಗಾದಿಯ ಹೊತ್ತಿಗೆ ಬೆಟಗೇರಿಯಾಚೆ ಹೊಸದಾಗಿ ಕಟ್ಟಿದ ಕ್ಯಾನ್ಸರ್ ಆಸ್ಪತ್ರೆಯ ನರ್ಸುಗಳಿಗೆಲ್ಲ ಕೊಟ್ಟಿದ್ದರು. ಮೊದಲು ಅಲ್ಲಿ ನರ್ಸುಗಳು ಎರಡು ತಿಂಗಳೂ ನಿಲ್ಲುತ್ತಿರಲಿಲ್ಲ. ಈಗ ಯಾರೂ ಕೆಲಸ ಬಿಡುತ್ತಿರಲಿಲ್ಲ.

ಮೌಲಾಸಾಬ ಗಾದಿ ಹೊಲಿಯುವ ನದಾಫ. ಮೂವತ್ತು ವರ್ಷ ಗುಟ್ಕಾ ಅಗಿದ ಬಾಯಿ ಅರ್ಧ ಕೊಳೆತು, ಮಾತು ತೊದಲುತ್ತಿತ್ತು.

"ಸಿಸ್ಟರ್, ನೀವು ನನ್ನ ನೋಡಿ ಮಾರಿ ಸಿಂಡರಿಸೂದಿಲ್ಲ. ನನ್ನ ಹೇಣ್ತಿ ಕಡೆಯಿಂದನೂ ಅದು ಆಗ್ಲಿಲ್ಲ," ಎಂದ. ಆಮೇಲೆ ಸಂಕೋಚದಿಂದ, "ಆದ್ರ ಬೆನ್ನ ಕೆಳಗ ಹಸಿ ಐತ್ರಿ. ಮೂರ ದಿನಾ ಆತು."

ಎಸ್ತೇರಮ್ಮನ ಕೈ ನಿಂತಿತು. ಹಾಸಿಗೆಯ ಅಂಚಿನ ಹಳದಿ ಕಲೆಯನ್ನು ಅವಳು ಮೂರು ದಿನವೂ ಕಂಡಿದ್ದಳು. ಆಮೇಲೆ ನೋಡಿದರಾಯಿತು ಅನ್ನಿಸಿತ್ತು, ಅಷ್ಟೇ. ತಾನು ಅಂಥವಳಲ್ಲವಲ್ಲ ಎಂದು ಅವಳಿಗೆ ದಿಗಿಲಾಯಿತು. ಇದೂ ಪಟ್ಟಿಯ ಕೆಲಸವೇ ಇರಬೇಕೆಂದು ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡಳು.

ಅರೆಗಳಿಗೆಯಲ್ಲಿ ನಾತ ಗಂಟಲಿಗೇ ಕೈ ಹಾಕಿತು. ಅವನನ್ನು ಮಗ್ಗುಲಾಗಿಸಿದಳು. ಉಚ್ಚೆಯಲ್ಲಿ ನೆನೆದ ಚಾದರು ಬೆನ್ನಿಗೆ ಅಂಟಿತ್ತು. ಬಿಡಿಸಿದಾಗ ಚರ್ಮವೂ ಜೊತೆಗೆ ಬಂತು. ಸೊಂಟದ ಮೇಲೆ ಮುಷ್ಟಿಯಗಲದ ಹುಣ್ಣು, ಅದರ ತಳದಲ್ಲಿ ಎಲುಬಿನ ಬಿಳುಪು. ಎಸ್ತೇರಮ್ಮ ಹುಳುಗಳಿದ್ದ ಬೇಸಿನ್ನಿನಲ್ಲೇ ವಾಂತಿ ಮಾಡಿದಳು.

ತಲೆಯೆತ್ತಿದರೆ ವಾರ್ಡೆಲ್ಲ ಹಾಗೆಯೇ. ಪಕ್ಕದ ಮಂಚದವನ ಕಫದ ಲೋಟಕ್ಕೆ ಇರುವೆಯ ಸಾಲು. ತುಂಬಿದ ಬೆಡ್‌ಪ್ಯಾನಿನ ಮೇಲೆ ನೊಣ. ಅದರ ಪಕ್ಕದಲ್ಲೇ ಹಣೆಗೆ ಪಟ್ಟಿ ಕಟ್ಟಿದ ಸಿಸ್ಟರ್ ನೀಲವ್ವ ಕುಳಿತು ಮಂಡಕ್ಕಿ ತಿನ್ನುತ್ತಿದ್ದಳು.

ಮೌಲಾಸಾಬ ಅಂಗೈಯಿಂದ ಕೆನ್ನೆ ಮುಚ್ಚಿಕೊಂಡ. "ನನ್ನಿಂದ ನಿಮಗ ವಾಂತಿ ಬಂತು..."

"ನಿಮ್ಮಿಂದಲ್ಲ ಚಾಚಾ. ನನ್ನ ಕಂಡ ನನಗ ಅಸಹ್ಯ ಆತು."

ಬಿಸಿನೀರು ತಂದು ಅವನ ಮೈ ತೊಳೆದಳು. ಮತ್ತೆ ಮೂರು ಸಲ ಓಕರಿಸಿದಳು, ಕಣ್ಣಲ್ಲಿ ನೀರು ಸುರಿಯಿತು, ಕೈ ಮಾತ್ರ ಬಿಡಲಿಲ್ಲ. ಹುಣ್ಣಿಗೆ ಮದ್ದು ಹಚ್ಚಿ, ಬೇರೆ ಗಾದಿ ಹಾಕಿಸಿ ಮಲಗಿಸಿದಳು. ಅವನು ಬೆರಳಿಂದ ಗಾದಿ ಒತ್ತಿ ನೋಡಿದ.

"ಹತ್ತಿ ಹಳೇದ್ರಿ, ಗಂಟ ಕಟ್ಟೇತಿ," ಎಂದ. "ಆದ್ರ ಒಣಾ ಐತಿ."

ಮರುದಿನ ಅವಳ ಫೋನಿಗೆ ಓಗೊಟ್ಟು ಹಾವನೂರ ಬಂದರು. ಅವರೂ ಪಟ್ಟಿ ಕಟ್ಟಿದ್ದರು. ವಾರ್ಡಿನಲ್ಲಿ ಒಂದು ಸುತ್ತು ಹಾಕಿ, "ಎಲ್ಲಾ ಸರಿ ನಡದೈತಲ್ಲ?" ಎಂದರು.

"ನಿಮ್ಮ ಪಟ್ಟಿ ತಗೀರಿ ಸರ್. ತಗದ ಮ್ಯಾಲ ಹೇಳ್ರಿ."

ತೆಗೆದವರೇ ಕಿಟಕಿಯ ಕಡೆ ಓಡಿದರು. ಸರಳು ಹಿಡಿದುಕೊಂಡೇ ಹೇಳಿದರು: "ನರ್ಸುಗಳಿಗೆ ಎಷ್ಟ ಸಲ ವಾಂತಿ ಬಂತು ಅನ್ನೂದನ್ನ ಲೆಕ್ಕ ಇಟ್ಟೆ. ಪೇಶಂಟರ ಬೆನ್ನ ಯಾರೂ ನೋಡ್ಲಿಲ್ಲ."

ಪಟ್ಟಿಗಳನ್ನು ಹಿಂದಕ್ಕೆ ಪಡೆಯಲಾಯಿತು. ಇಬ್ಬರು ನರ್ಸುಗಳು ಕೆಲಸ ಬಿಟ್ಟರು. ಉಳಿದವರು ಮೂಗಿಗೆ ಬಟ್ಟೆ ಕಟ್ಟಿ, ಬೈದುಕೊಳ್ಳುತ್ತಲೇ ವಾರ್ಡು ತಿಕ್ಕಿದರು. ಮೌಲಾಸಾಬನ ಹುಣ್ಣು ಮಾಯಲಿಲ್ಲ. ಹತ್ತೊಂಬತ್ತು ದಿನಕ್ಕೆ ತೀರಿಕೊಂಡ. ಕೊನೆಯ ದಿನದವರೆಗೂ ಎಸ್ತೇರಮ್ಮ ದಿನಕ್ಕೆ ಮೂರು ಸಲ ಅವನ ಮಗ್ಗುಲು ಬದಲಿಸಿದಳು. ಪ್ರತಿ ಸಲವೂ ಅವಳಿಗೆ ಹೊಟ್ಟೆ ತೊಳಸುತ್ತಿತ್ತು.

ಪಟ್ಟಿಗಳ ಪೆಟ್ಟಿಗೆ ಒಯ್ಯಲು ಬಂದ ಹಾವನೂರರನ್ನು ಅವಳು ಕೇಳಿದಳು: "ಇದು ಬರೋಕಿಂತ ಮದ್ಲ ಮಂದಿ ಇಂಥಾದ್ದನ್ನ ಕಂಡು ಸುಮ್ಮನಿರತಿದ್ದಿಲ್ಲ ಅಲ್ರೀ?"

ಅವರು ಪೆಟ್ಟಿಗೆಯನ್ನು ನೆಲಕ್ಕಿಟ್ಟರು.

"ನಾ ಸಾಲಿಗೆ ಹೋಗೋ ಕಾಲ, ಎರಡ ಸಾವಿರದ ಇಪ್ಪತ್ತೈದರ ಸುಮಾರ. ನಮ್ಮ ಓಣ್ಯಾಗ ಒಬ್ಬಾಂವ ಮ್ಯಾನ್‌ಹೋಲಿನ್ಯಾಗ ಇಳದು, ಎದಿಮಟ ನೀರಾಗ ನಿಂತು, ಬರಿಗೈಲೆ ಹೊಲಸ ಎತ್ತತಿದ್ದ. ಅವನ ತಲಿ ನಮ್ಮ ಕಾಲಿನ ಸಮ ಇರತಿತ್ತು. ನಾವು ಮೂಗ ಹಿಡಕೊಂಡು ದಾಟಿ ಹೋಗಿ, ಸಾಲ್ಯಾಗ ಬುತ್ತಿ ಬಿಚ್ಚಿ ಉಣ್ಣತಿದ್ವಿ."

ಪೆಟ್ಟಿಗೆಯನ್ನು ಮತ್ತೆ ಎತ್ತಿಕೊಂಡು ಹೇಳಿದರು: "ಆಗ ಯಾರ ಹಣಿಗೂ ಪಟ್ಟಿ ಇದ್ದಿದ್ದಿಲ್ಲ."