ಹೂಂಗುಟ್ಟಿದರೆ ಮಾತ್ರ ಮುಂದಿನ ಮಾತು

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಶ್ರಾವಣದಲ್ಲಿ, ಚನ್ನಗಿರಿಯ ರಾಜಕುಮಾರನೊಬ್ಬ ಬೈಕ್ ಏರಿ ನಮ್ಮ ಗೋವಿನಕೋವಿಗೆ ಬಂದ. ಹೆಸರು ಮಹಾಂತೇಶ್. ಮೆದುಳಿನ ಬಗ್ಗೆ ಪಿಎಚ್.ಡಿ ಮಾಡುತ್ತಿದ್ದ. ಕೈಯಲ್ಲಿ ಕತ್ತಿಯಿರಲಿಲ್ಲ, ಲ್ಯಾಪ್‌ಟಾಪ್ ಇತ್ತು. ನನ್ನನ್ನು ಮದುವೆಗೆ ಕೇಳಲು ಬಂದಿದ್ದ.

ಅಜ್ಜಿ ಸರ್ವಮಂಗಳಮ್ಮ ಒಪ್ಪದೆ ನಮ್ಮನೆಯಲ್ಲಿ ಏನೂ ನಡೆಯುವುದಿಲ್ಲ. "ಅದೇನ್ ಓದ್ತೀಯಪ್ಪಾ? ನಿಂಗೆ ಭಾಳ ಇಷ್ಟ ಆಗಿದ್ದು ಒಂದು ಹೇಳು" ಅಂದಳು.

ಅವನು ತನ್ನ ಮೆಚ್ಚಿನ ಸಂಶೋಧನಾ ಪೇಪರ್ ತೆರೆದ. ಗ್ರಾಫ್ ಮೇಲೆ ಗ್ರಾಫ್. ಅಜ್ಜಿ ಮೊದಮೊದಲು "ಹೂಂ, ಹೂಂ" ಅಂದಳು, ಆಮೇಲೆ ಸುಮ್ಮನಾದಳು. ನಮ್ಮಲ್ಲಿ ಹೂಂಗುಟ್ಟುವುದು ನಿಂತರೆ ಹೇಳುವವರೂ ನಿಲ್ಲಬೇಕು. ಅವನೋ, ಅಜ್ಜಿ ಮೈಮರೆತು ಕೇಳುತ್ತಿದ್ದಾಳೆಂದು ಇನ್ನಷ್ಟು ಹುರುಪಿನಿಂದ ಮುಂದುವರಿಸಿದ!

"ಕೇಳೋರು ಅದಾರೋ ಇಲ್ವೋ ನೋಡ್ದಿರೋನ ಜೊತೆ ಬಾಳ್ವೆ ಹೆಂಗೆ ಮಾಡಾಕೆ ಆಗ್ತೈತೆ?" ಅಜ್ಜಿ ಎದ್ದುಬಿಟ್ಟಳು.

ಗೇಟಿನ ಹತ್ತಿರ ಅವನ ಕಿವಿ ಕೆಂಪಾಗಿತ್ತು. "ರೂಪಾ, ಅದೇ ಪೇಪರ್‌ನ ಅಜ್ಜಿ ಕೊನೇತನಕ ಹೂಂಗುಟ್ಟೋ ಹಂಗೆ ಹೇಳ್ತೀನಿ. ಮಾತು ಕೊಟ್ಟೆ."

"ಲ್ಯಾಪ್‌ಟಾಪ್ ಮನೇಲಿ ಬಿಟ್ಟು ಬರ್ರೀ ಸಾಹೇಬ್ರೇ."

ನಕ್ಕ. ಆ ನಗು ನೋಡಿದಾಗಲೇ ಗೊತ್ತಾಯಿತು, ಇವನು ಗೆದ್ದೇ ಗೆಲ್ಲುತ್ತಾನೆ.

ಮುಂದಿನ ಭಾನುವಾರ ಬಂದು ಅಜ್ಜಿಯೆದುರು ಚಕ್ಕಳಮಕ್ಕಳ ಹಾಕಿ ಕೂತ.

"ಒಂದಷ್ಟು ಜನಕ್ಕೆ, ಬೇರೆ ಬೇರೆ ಕೂರಿಸಿ, ಒಂದೇ ಕಥೆ ಕೇಳಿಸಿದ್ರಂತೆ ಅಜ್ಜಿ."

"ಹೂಂ."

"ಒಬ್ರ ಮುಖ ಒಬ್ರು ನೋಡಿಲ್ಲ. ಆದ್ರೂ ಎಲ್ರ ಎದೆಬಡಿತ ಒಂದೇ ಜಾಗದಾಗೆ ಜೋರಾತು, ಒಂದೇ ಜಾಗದಾಗೆ ನಿಧಾನ ಆತು."

ಅಜ್ಜಿ ಬೇಕೆಂದೇ ತುಟಿ ಬಿಗಿಹಿಡಿದಳು. ಅವನೂ ತಟ್ಟನೆ ನಿಲ್ಲಿಸಿದ. ಕಣ್ಣಂಚು ಮಾತ್ರ ಬಾಗಿಲ ಹಿಂದೆ ನಿಂತಿದ್ದ ನನ್ನನ್ನು ಸವರಿ ಹೋಯಿತು.

"ಯಾಕೋ ನಿಂತೆ?"

"ನೀವು ಹೂಂ ಅಂತ ಜೊತೆಗೆ ಬಂದ್ಮೇಲೆ ಮುಂದಕ್ಕೆ ಹೋಗಾನ ಅಂತ."

ಅಜ್ಜಿಯ ಮುಖ ಅರಳಿತು. "ಹೂಂ, ಹೇಳು."

"ಮನಸು ಬೇರೆ ಕಡೆ ಇದ್ದೋರ ಎದೆ ಮಾತ್ರ ಹಂಗೆ ಜೊತೆಗೆ ಬರ್ಲಿಲ್ವಂತೆ."

"ಹೂಂ."

"ನ್ಯಾಮತಿ ಸ್ಕೂಲಲ್ಲಿ ನಿಮ್ಮ ಮೊಮ್ಮಗಳು ಮಕ್ಕಳಿಗೆ ಕಥೆ ಹೇಳೋವಾಗ, ನನ್ನ ಓದಿನ ಕೆಲಸಕ್ಕೆ ಅಂತ ಹೋಗಿದ್ದ ನಾನು ಹಿಂದಿನ ಬೆಂಚಲ್ಲಿದ್ದೆ. ಅವತ್ತಿಂದ ನನ್ನೆದೆ ಅವಳ ಜೊತೇಲೇ ಐತೆ."

"ಇದೂ ಆ ಪೇಪರ್‌ನಾಗೈತಾ?"

"ಇಲ್ಲಜ್ಜಿ. ಇದು ನಂದು."

ಈ ಸಲ ಹೂಂಗುಟ್ಟಿದ್ದು ನಾನು, ಬಾಗಿಲು ದಾಟಿ ಬಂದು, ಜೋರಾಗಿಯೇ.

"ನೋಡು, ನನ್ನ ಕೆಲಸಾನೂ ಇವಳೇ ಕಸ್ಕಂಡ್ಲು!" ಅಜ್ಜಿ ನಗುತ್ತಾ ನನ್ನನ್ನು ಅವನ ಪಕ್ಕಕ್ಕೆ ಎಳೆದು ಕೂರಿಸಿದಳು. "ಅರ್ಧಕ್ಕೆ ಬಿಡಬ್ಯಾಡ ಅಳಿಯಪ್ಪಾ, ಮುಗಿಸು."

ಅವನು ನನ್ನ ಕೈ ಹಿಡಿದುಕೊಂಡೇ ಕೊನೆಯ ಪುಟದವರೆಗೂ ಹೇಳಿ ಮುಗಿಸಿದ.