ಸ್ನಾನಘಟ್ಟದಿಂದ ಮಾಡಿದ ಫೋನು

"ಕೊಡೇ ಫೋನು. ಯಾಕೆ ಮುಟ್ದೆ ಅದನ್ನ?"

ಅಕ್ಕ ಶಿವರಂಜನಿ ಬಚ್ಚಲಿನಿಂದ ಒದ್ದೆ ಕೈಯಲ್ಲೇ ಓಡಿಬಂದಳು. ಅಷ್ಟರಲ್ಲಿ ಅರ್ಪಿತ ಓದಿಬಿಟ್ಟಿದ್ದಳು. ಅವಳೇನೂ ಕದ್ದು ನೋಡಲು ಹೋದವಳಲ್ಲ. ಶನಿವಾರ, ಬೆಳಗಿನ ಸ್ಕೂಲು. ಟೈಮ್ ಎಷ್ಟಾಯಿತೆಂದು ಅಮ್ಮನ ಫೋನ್ ಎತ್ತಿಕೊಂಡಳು, ಟಿಂಗ್ ಎಂದು ಮೆಸೇಜು ಬಂತು. ಐದನೇ ಕ್ಲಾಸಿನವಳು ಕಣ್ಣಿಗೆ ಬಿದ್ದದ್ದನ್ನು ಓದದೆ ಇರುತ್ತಾಳೆಯೇ?

'ಸಂಜೆ ಆರರೊಳಗೆ ನಾನು ಹೇಳಿದ ಥರ ಫೋಟೋ ಕಳಿಸು. ಇಲ್ಲಾಂದ್ರೆ ಇದು ನಿಮ್ಮಪ್ಪನ ನಂಬರಿಗೆ ಹೋಗುತ್ತೆ.'

ಕೆಳಗೊಂದು ಚಿತ್ರವಿತ್ತು. ಮುಖ ಅಕ್ಕನದು. ಮೈ ಅಕ್ಕನದಲ್ಲ, ಬೇರೆ ಯಾರದೋ. ಅರ್ಪಿತ ಗಾಬರಿಯಾಗಿ ಫೋನನ್ನು ಹಾಸಿಗೆಯ ಮೇಲೆ ಬೋರಲು ಹಾಕಿದಳು.

"ಯಾರಕ್ಕ ಇದು?"

ಅಕ್ಕ ಬಾಗಿಲ ಚಿಲಕ ಹಾಕಿದಳು. "ಸ್ವೀಟಿ ಅಂತ ಕಣೆ. ಗೇಮಲ್ಲಿ ಸಿಕ್ಳು. ನಂದೂ ಎಂಟ್ನೇ ಕ್ಲಾಸು, ಮೈಸೂರು ಅಂದ್ಳು. ಟೀಮಿಗೆ ಸೇರಿಸ್ಕೋತೀನಿ, ಒಂದೇ ಒಂದು ಫೋಟೋ ಕಳ್ಸು ಅಂದ್ಳು. ಯೂನಿಫಾರಂದು ಒಂದು ಕಳಿಸ್ದೆ, ಅಷ್ಟೇ. ಆಮೇಲೆ ಫೋನ್ ಮಾಡಿದ್ದು ಗಂಡಸು."

"ಗಂಡಸಾ?"

"ದೊಡ್ಡ ಗಂಡಸು. ಅಪ್ಪನಷ್ಟು ದೊಡ್ಡೋನ ದನಿ."

ಅಕ್ಕ ಅರ್ಪಿತಳ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು. "ಯಾರಿಗೂ ಹೇಳಲ್ಲ ಅಂತ ಆಣೆ ಮಾಡು. ಅಪ್ಪಂಗೆ ಗೊತ್ತಾದ್ರೆ ನನ್ನ ಸ್ಕೂಲ್ ಬಿಡಿಸ್ಬಿಡ್ತಾರೆ."

ಅರ್ಪಿತ ತಲೆಯಾಡಿಸಿದಳು. ಸ್ಕೂಲಿನಲ್ಲಿ ಅವತ್ತು ಮಾಡಿದ ಲೆಕ್ಕಗಳೆಲ್ಲ ತಪ್ಪು. ಮಹಾದೇವಸ್ವಾಮಿ ಮೇಷ್ಟ್ರು ಹಣೆ ಮುಟ್ಟಿ ಜ್ವರ ಇದೆಯಾ ಎಂದು ನೋಡಿದರು. ಜ್ವರವೇನೂ ಇರಲಿಲ್ಲ.

ಮಧ್ಯಾಹ್ನ ಮನೆಗೆ ಬಂದರೆ ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹೊಟ್ಟೆನೋವು ಎಂದು ಸ್ಕೂಲಿಗೂ ಹೋಗಿರಲಿಲ್ಲ, ತಿಂಡಿಯನ್ನೂ ಮುಟ್ಟಿರಲಿಲ್ಲ.

"ಕಳಿಸ್ಬಿಡ್ತೀನಿ ಕಣೆ," ಎಂದಳು ಮೆಲ್ಲಗೆ. "ಒಂದ್ಸಲ ಕಳಿಸಿದ್ರೆ ಬಿಟ್ಬಿಡ್ತಾನಂತೆ."

ಬಿಡುತ್ತಾನೆಯೇ? ಮೊದಲೂ ಒಂದೇ ಒಂದು ಫೋಟೋ ಎಂದವನಲ್ಲವೇ? ಅರ್ಪಿತ ಸೀದಾ ಅಡುಗೆಮನೆಗೆ ಹೋಗಿ, ಉಸಿರು ಬಿಡದೆ ಎಲ್ಲವನ್ನೂ ಅಮ್ಮನಿಗೆ ಹೇಳಿದಳು.

ಮುದ್ದೆ ತಿರುವುತ್ತಿದ್ದ ಅಮ್ಮನ ಕೈ ನಿಂತಿತು. ಪಾತ್ರೆಯ ತಳ ಹಿಡಿದು ಸೀದ ವಾಸನೆ ಬಂದರೂ ಒಲೆ ಆರಿಸುವವರಿಲ್ಲ. ಬಾಗಿಲಲ್ಲಿ ಅಕ್ಕ ನಿಂತಿದ್ದಳು.

"ಇನ್ಮೇಲೆ ನಿನ್ನ ಹತ್ರ ಮಾತಾಡಲ್ಲ," ಎಂದು ಅರ್ಪಿತಳಿಗೆ ಹೇಳಿ ಒಳಗೆ ಹೋದಳು.

ಅಮ್ಮ ಬಯ್ಯಲಿಲ್ಲ, ಹೊಡೆಯಲಿಲ್ಲ. ಫೋನಿನಲ್ಲಿದ್ದುದನ್ನು ಒಮ್ಮೆ ನೋಡಿದಳು. ಹಾವು ಮುಟ್ಟಿದವಳ ಹಾಗೆ ಕೈ ಕೊಡವಿದಳು. ಆಮೇಲೆ ಒಲೆ ಆರಿಸಿ, ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟೇಬಿಟ್ಟಳು. ಅರ್ಪಿತ ಹಿಂದೆಯೇ ಓಡಿದಳು.

"ಎಲ್ಲಿಗಮ್ಮ?"

"ಒಳೆಗೆ."

ಅವರ ಊರಾದ ನಂಜನಗೂಡಿಗೆ ಬಂದವರು ಕಪಿಲಾ ಹೊಳೆಯಲ್ಲಿ ಮುಳುಗಿ, ಉಟ್ಟ ಬಟ್ಟೆಯನ್ನು ನೀರಿಗೇ ಬಿಟ್ಟುಹೋಗುವುದುಂಟು. ಪೀಡೆ ಬಟ್ಟೆಯ ಜೊತೆ ಹೋಗುತ್ತದೆಂದು ನಂಬಿಕೆ. ಬಿಡಬೇಡಿ ಎಂದು ಬೋರ್ಡ್ ಹಾಕಿದ್ದಾರೆ. ಜನ ಬೋರ್ಡಿನ ಕೆಳಗೇ ನಿಂತು ಬಿಡುತ್ತಾರೆ. ಅಮ್ಮ ಸ್ನಾನಘಟ್ಟದ ಕೊನೆಯ ಮೆಟ್ಟಿಲಿಗೆ ಇಳಿದು ಸೆರಗು ಬಿಚ್ಚಿದಳು.

"ಓಗ್ಲಿ ಈ ಪೀಡೆ. ಯಾರ್ಗೂ ಗೊತ್ತಾಗೋದ್ ಬ್ಯಾಡ."

"ಅಮ್ಮ, ಫೋಟೋ ಅವನ ಹತ್ರ ಇದೆ," ಎಂದಳು ಅರ್ಪಿತ. "ನಮ್ಮ ಫೋನ್ ಮುಳುಗಿಸಿದ್ರೆ ಅವನ ಫೋನ್ ಮುಳುಗಲ್ವಲ್ಲ."

ಎತ್ತಿದ ಕೈ ಹಾಗೆಯೇ ನಿಂತಿತು.

"ಮತ್ತಿನ್ನೇನ್ ಮಾಡ್ಲಿ ಮಗ?" ಅಮ್ಮ ಮೆಟ್ಟಿಲ ಮೇಲೆ ಕುಸಿದಳು. "ಪೊಲೀಸ್ ಜೀಪು ಮನೆ ಮುಂದ್ಕೆ ಬಂದ್ರೆ ಬೀದಿಯೋರು ಏನಂದಾರು?"

ಅರ್ಪಿತಳ ಸ್ಕೂಲಿನ ಗೋಡೆಯ ಮೇಲೆ ಮಕ್ಕಳ ಸಹಾಯವಾಣಿಯ ನಂಬರ್ ಬರೆದಿದೆ. ಮಹಾದೇವಸ್ವಾಮಿ ಮೇಷ್ಟ್ರು ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದರು. ಇಷ್ಟು ದಿನ ಅದು ಬರೀ ಮಗ್ಗಿಯೇ ಆಗಿತ್ತು. ಅವಳು ಅಮ್ಮನ ಕೈಯಿಂದ ಫೋನ್ ತೆಗೆದುಕೊಂಡು 1098 ಒತ್ತಿದಳು.

ಒಬ್ಬ ಹೆಂಗಸಿನ ದನಿ ಕೇಳಿತು. ಅರ್ಪಿತಳೇ ಎಲ್ಲವನ್ನೂ ಹೇಳಿದಳು. ಆ ದನಿ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಿತು. ಫೋಟೋ ಯಾಕೆ ಕೊಟ್ಟಳು ಎಂದು ಕೇಳಲಿಲ್ಲ.

"ಒಳ್ಳೆ ಕೆಲಸ ಮಾಡ್ದೆ ಪುಟ್ಟಾ. ಅಕ್ಕ ಈಗ ಎಲ್ಲಿದಾಳೆ? ಜೊತೇಲಿ ಯಾರಿದಾರೆ?"

ಅರ್ಪಿತ ಅಮ್ಮನ ಮುಖ ನೋಡಿದಳು. ಅಮ್ಮ ಅರ್ಪಿತಳ ಮುಖ ನೋಡಿದಳು. ಅಕ್ಕನ ಜೊತೆ ಯಾರೂ ಇರಲಿಲ್ಲ. ಫೋನಿನ ಪೀಡೆ ಕಳೆಯುವ ಅವಸರದಲ್ಲಿ ಅವಳೊಬ್ಬಳನ್ನೇ ಬಿಟ್ಟು ಬಂದಿದ್ದರು.

ಅಮ್ಮ ದಡಬಡ ಮೆಟ್ಟಿಲು ಹತ್ತಿದಳು. ಇಬ್ಬರೂ ಓಡುತ್ತಲೇ ಮಾತು ಕೇಳಿಸಿಕೊಂಡರು.

"ಮೆಸೇಜ್ ಯಾವುದನ್ನೂ ಅಳಿಸಬೇಡಿ. ಅವನಿಗೆ ಉತ್ತರ ಬೇಡ, ಫೋಟೋ ಬೇಡ, ದುಡ್ಡೂ ಬೇಡ. ಆ ಚಿತ್ರನ ಯಾರಿಗೂ ಫಾರ್ವರ್ಡ್ ಮಾಡಬೇಡಿ. ಪೊಲೀಸರಿಗೆ ನಾವೇ ತಿಳಿಸ್ತೀವಿ. ಮಹಿಳಾ ಸಿಬ್ಬಂದಿ ಬರ್ತಾರೆ, ಯೂನಿಫಾರಂ ಇಲ್ಲದೆ. ಮಗಳ ಹೆಸರು ಎಲ್ಲೂ ಹೊರಗೆ ಬರಲ್ಲ. ಮೊದಲು ಹೋಗಿ, ತಪ್ಪು ನಿಂದಲ್ಲ ಅಂತ ಅವಳಿಗೆ ಹೇಳಿ."

ಅಕ್ಕ ಅದೇ ಗೋಡೆಗೆ ಒರಗಿ ಕೂತಿದ್ದಳು. ಅಮ್ಮ ಅವಳನ್ನು ಬಾಚಿ ತಬ್ಬಿಕೊಂಡಳು. "ತಪ್ಪು ನಿಂದಲ್ಲ ಕಣ್ ಮಗ" ಎಂದಳು. ಅಕ್ಕ ಗಟ್ಟಿಯಾಗಿ ಅತ್ತಳು. ಅರ್ಪಿತಳ ಕಡೆ ಮಾತ್ರ ತಿರುಗಲಿಲ್ಲ.

ನಾಲ್ಕು ಗಂಟೆಗೆ ಚೂಡಿದಾರ್ ಹಾಕಿದ ಇಬ್ಬರು ಹೆಂಗಸರು ಸ್ಕೂಟರಿನಲ್ಲಿ ಬಂದರು. ಒಬ್ಬರು ಮಕ್ಕಳ ರಕ್ಷಣಾ ಘಟಕದವರು, ಇನ್ನೊಬ್ಬರು ಪೊಲೀಸ್ ಇನ್‌ಸ್ಪೆಕ್ಟರ್. ಎದುರುಮನೆಯವರು ಸ್ತ್ರೀಶಕ್ತಿ ಸಂಘದವರಿರಬೇಕು ಎಂದುಕೊಂಡು ಒಳಗೆ ಹೋದರು. ಅಕ್ಕ ಮತ್ತು ಅಮ್ಮ ಮಾತ್ರ ಅವರ ಜೊತೆ ಕೋಣೆಯಲ್ಲಿ ಕೂತರು.

ಅರ್ಪಿತ ಜಗಲಿಯ ಮೇಲೆ ಕೂತಳು. ಅಮ್ಮ ಫೋನ್ ಮಾಡಿ ಕರೆದದ್ದಕ್ಕೆ ಫ್ಯಾಕ್ಟರಿಯಿಂದ ಪರ್ಮಿಷನ್ ಕೇಳಿ ಓಡಿಬಂದ ಅಪ್ಪ ಪಕ್ಕದಲ್ಲಿ ಕೂತಿದ್ದ. ಅವಳ ಕಡೆ ತಿರುಗಿ ಕೇಳಿದ.

"ನನ್ ಎಸ್ರು ಏಳಿ ಎದರ್ಸಿದ್ನಾ ಅವ್ನು?"

"ಹೂಂ."

"ಯಾಕವ್ವ? ನಾನೇನ್ ಮಾಡ್ಬುಡ್ತಿದ್ದೆ?"

ಅರ್ಪಿತ ನಿಜವನ್ನೇ ಹೇಳಿದಳು. "ಅವತ್ತು ಟಿವಿ ನ್ಯೂಸ್ ನೋಡ್ವಾಗ ಹೇಳಿದ್ರಲ್ಲಪ್ಪ, ಇಂಥ ಹುಡುಗೀರ್ನ ಸ್ಕೂಲ್ ಬಿಡಿಸಿ ಮನೇಲಿ ಕೂರಿಸ್ಬೇಕು ಅಂತ. ಅಕ್ಕನೂ ಅಲ್ಲೇ ಇದ್ಳು."

ಅಪ್ಪ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಅಪ್ಪ ಹಾಗೆ ಕೂತದ್ದನ್ನು ಅರ್ಪಿತ ಎಂದೂ ನೋಡಿರಲಿಲ್ಲ.

ಐದೂವರೆಗೆ ಎಲ್ಲರೂ ಹೊರಗೆ ಬಂದರು. ಇನ್‌ಸ್ಪೆಕ್ಟರ್ ಮೇಡಂ ಫೋನನ್ನು ಒಂದು ಕವರಿಗೆ ಹಾಕಿ ಅಂಟಿಸಿ, ಅಪ್ಪನ ಸೈನ್ ತೆಗೆದುಕೊಂಡರು.

"ಇದನ್ನ ಉಳಿಸಿದ್ದು ದೊಡ್ಡದು," ಎಂದರು ಮೇಡಂ. "ಹೋದ ತಿಂಗಳು ನರಸೀಪುರದಲ್ಲಿ ಇನ್ನೊಂದು ಹುಡುಗೀನೂ ಇದೇ ಸ್ವೀಟಿ ಹೆಸರು ಹೇಳಿದ್ಳು. ಮನೆಯವರು ಫೋನ್ ಒಡೆದು ಒಲೆಗೆ ಹಾಕಿಬಿಟ್ಟಿದ್ರು. ತೋರಿಸೋಕೆ ಏನೂ ಉಳಿದಿರಲಿಲ್ಲ. ಅವಳು ಕತೆ ಕಟ್ತಿದಾಳೆ ಅಂದ್ರು."

"ಯಾರು ಮೇಡಂ, ಆ ಕಳ್ಳನಾ?" ಅರ್ಪಿತ ಕೇಳಿದಳು.

"ಅವಳ ಮನೆಯವರೇ."

ಅಮ್ಮ ಅಕ್ಕನನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಆ ಮಗು ಸ್ಕೂಲ್ಗೆ ಓಯ್ತಾ ಇದ್ದದಾ ಮೇಡಂ?" ಅಪ್ಪ ಕೇಳಿದ.

"ಇಲ್ಲ, ಬಿಡಿಸಿದಾರೆ. ಈಗ ಅಲ್ಲಿಗೇ ಹೊರಟಿದೀನಿ. ಅವಳು ಹೇಳಿದ್ದು ನಿಜ ಅಂತ ಅವರಿಗೆ ಹೇಳಬೇಕು."

"ಅವ್ರಪ್ಪನ ಅಡ್ರೆಸ್ ಕೊಡಿ ಮೇಡಂ. ನಾನೂ ಬತ್ತೀನಿ. ನಂದೂ ಒಂದ್ ಮಾತು ಅದೆ."

"ಅಡ್ರೆಸ್ ಕೊಡೋ ಹಾಗಿಲ್ಲ," ಎಂದರು ಮೇಡಂ. "ನೀವು ಮಗಳ ಹತ್ರ ಮಾತಾಡಿ."

ಅಪ್ಪ ಅಕ್ಕನ ಕಡೆ ತಿರುಗಿದ. "ಸೋಮವಾರ ನಾನೇ ಬುಡ್ತೀನಿ ಕಣ್ ಮಗ, ಸ್ಕೂಲ್ಗೆ," ಎಂದ. ಅಕ್ಕ ತಲೆಯಾಡಿಸಿದಳು.

ಆಮೇಲೆ ಅವಳು ಬಂದು ಅರ್ಪಿತಳ ಪಕ್ಕದಲ್ಲಿ ಕೂತಳು.

"ಆ ಹುಡುಗಿಗೆ ತಂಗಿ ಇಲ್ವೇನೋ ಕಣೆ."

ಹೆಸರು ಗೊತ್ತಿಲ್ಲದ, ಮುಖ ನೋಡಿರದ ಒಬ್ಬಳು ನರಸೀಪುರದ ಯಾವುದೋ ಮನೆಯಲ್ಲಿ ಒಂದು ತಿಂಗಳಿಂದ ಗೋಡೆಗೆ ಮುಖ ಮಾಡಿ ಮಲಗಿರುವುದು ಅರ್ಪಿತಳ ಕಣ್ಣಿಗೆ ಕಟ್ಟಿತು. ಬೀದಿಯಲ್ಲಿ ಸ್ಕೂಟರು ಸ್ಟಾರ್ಟ್ ಆಯಿತು.

"ಬೇಗ ಹೋಗಿ ಮೇಡಂ," ಎಂದಳು ಅರ್ಪಿತ. ಆ ಸದ್ದಿನಲ್ಲಿ ಅದು ಅಕ್ಕನಿಗೆ ಮಾತ್ರ ಕೇಳಿಸಿತು.